ಗುಂಡು ಕಿಟಕಿ

ಬೋರಾ ಬಜಾರಿನ ಗಲ್ಲಿ, ಒಳಗಿನ ಎರಡನೇ ತಿರುವು,
ಮೂವತ್ತೊಂಬತ್ತು ವರ್ಷ ಹೊಗೆ ಕುಡಿದ ಹೋಟೆಲು.
ಗೋಡೆಗೆ ಮೊಳೆ ಹೊಡೆದರೆ
ಸುಣ್ಣಕ್ಕಿಂತ ಮೊದಲು ಉದುರುವುದು ಮೆಣಸಿನ ಘಾಟು.
"ಇಷ್ಟೂ ಕಿತ್ತು ಹಾಕಿ," ಎಂದರು ದಾಮೋದರ ತಿಂಗಳಾಯರು,
"ಉತ್ತರದ ಕಡಲು ಬೇಕು ನನಗೆ, ಇಲ್ಲಿ."

ಯಾವ ಉತ್ತರ? ಟೇಪು ಹಿಡಿದು ಕೇಳಿದೆ.
ವೆರಾವಲ್ಲೇ? ಪೋರಬಂದರೇ?
"ಅಲ್ಲ ಮಾರಾಯ್ರೆ, ಇನ್ನೂ ಮೇಲೆ.
ಶಾಲೆಯ ಭೂಪಟಕ್ಕೆ ಮೊಳೆ ಹೊಡೆದಿರ್ತಾರಲ್ಲ,
ಆ ಜಾಗ."

ನಾನು ರೋಣದ ಕಡೆಯವಳು.
ನನ್ನ ಮೊದಲ ಸಮುದ್ರ ಎರೆಹೊಲ;
ಬಿಳಿಜೋಳ ತೆನೆ ಬಿಟ್ಟಾಗ ಅದರಲ್ಲೂ ತೆರೆ ಏಳುತ್ತಿತ್ತು.
ಮೀನು ತಿನ್ನುವುದಿಲ್ಲ.
ಇದನ್ನು ತಿಂಗಳಾಯರಿಗೆ ಇನ್ನೂ ಹೇಳಿಲ್ಲ.

ರಾತ್ರಿ ಬಣ್ಣದ ಚೀಟಿಗಳನ್ನು ಹಾಸಿಗೆಯ ಮೇಲೆ ಹರಡಿದೆ.
ಬೂದು, ಅದರ ಪಕ್ಕ ಇನ್ನೊಂದು ಬೂದು,
ಪಾರಿವಾಳದ ಕತ್ತಿನದು,
ಜ್ವರ ಬಿಟ್ಟ ಬೆಳಿಗ್ಗೆ ಕಿಟಕಿಯಲ್ಲಿ ನಿಂತಿರುವಂಥದು.
ತಿಂಗಳಾಯರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.
"ಸೂತಕದ ಮನೆಗೆ ಊಟಕ್ಕೆ ಯಾರು ಬರ್ತಾರೆ, ಹೇಳಿ?"

ಹಾಗಾದರೆ ತಿಮಿಂಗಿಲದ ಪಕ್ಕೆಲುಬಿನ ಹಾಗೆ ಬಾಗಿದ ತೊಲೆ?
ಗಾಜಿನ ಗೋಲಿಯಲ್ಲಿ ದೀಪ, ಮೂಲೆಗೊಂದು ಬಲೆ?
ಬಲೆ ಬೇಡ, ಎಂದರು ತಟ್ಟನೆ.
"ನಮ್ಮಪ್ಪ ಮಲ್ಪೆಯಲ್ಲಿ ಬಲೆ ಕಟ್ಟಿ ಕಟ್ಟಿ
ಬೆರಳು ಮಡಚಲಿಕ್ಕೆ ಆಗದೆ ಸತ್ತದ್ದು.
ಅದನ್ನು ಚಂದಕ್ಕೆ ತೂಗುಹಾಕುವುದಾ?"
ನಕ್ಷೆಯ ಬಲೆಯ ಮೇಲೆ ಗೀಟೆಳೆದೆ.
ಪೆನ್ಸಿಲ್ ಮೊನೆ ಮುರಿಯಿತು.

ಆ ಕಡಲನ್ನು ನಿಜವಾಗಿ ಕಂಡವನು ಒಬ್ಬನೇ:
ಅವರ ತಮ್ಮ ಪದ್ಮನಾಭ, ಗಲ್ಲಿಗೆಲ್ಲ ಪದ್ದು,
ಹದಿನೇಳು ವರ್ಷ ಸರಕಿನ ಹಡಗಿನಲ್ಲಿದ್ದು ಬಂದು
ಈಗ ಗಲ್ಲಾಪೆಟ್ಟಿಗೆಯ ಹಿಂದೆ ಚಿಲ್ಲರೆ ಎಣಿಸುವವನು.
ಆಗ ಅಣ್ಣನಿಗೆ ಕಳಿಸಿದ ಕಾರ್ಡೊಂದು
ಗಣಪತಿಯ ಚೌಕಟ್ಟಿಗೆ ಸಿಕ್ಕಿಸಿಕೊಂಡು ಇನ್ನೂ ಇದೆ:
ಹಿಮ, ಒಂದು ಕೆಂಪು ಮನೆ, ಮಸಿಯಂಥ ನೀರು.
ಬೆನ್ನಿಗೆ ಎರಡೇ ಮಾತು. "ಚಳಿ. ಕ್ಷೇಮ."

ಹೇಗಿತ್ತು ಪದ್ದಣ್ಣ, ಆ ಕಡಲು?

ಹತ್ತರ ನಾಣ್ಯಗಳನ್ನು ಒಂದರ ಮೇಲೊಂದು ಇಡುತ್ತ ಅಂದ:
"ನಾನು ಹಡಗಿನ ಅಡುಗೆಯವ.
ಮೇಲೆ ಹೋಗಿ ನೋಡಲಿಕ್ಕೆ ಪುರುಸೊತ್ತೆಲ್ಲಿ?
ಹೆಚ್ಚುವ ಹಲಗೆಯ ಎದುರು ಗುಂಡು ಕಿಟಕಿ ಇತ್ತು, ಹರಿವಾಣದಷ್ಟು.
ಇಪ್ಪತ್ತೆರಡು ಜನರ ನೀರುಳ್ಳಿ ನನ್ನ ಕೈಯಲ್ಲೇ.
ಕಣ್ಣು ತುಂಬಿ ತುಂಬಿ ಬರುವುದು.
ಅಷ್ಟೂ ವರ್ಷ ಆ ಕಡಲು ನನಗೆ ಕಲಸಿಕೊಂಡೇ ಕಂಡದ್ದು."
ನಾಣ್ಯದ ಗೋಪುರ ಬಿತ್ತು. ಮತ್ತೆ ಒಂದರಿಂದ ಎಣಿಸಿದ.

ಅಡುಗೆಮನೆಗೆ ಹೋದೆ, ಮೊದಲ ಸಲ ಮೂಗು ಮುಚ್ಚದೆ.
ದರ್ಭಂಗಾದ ಹುಡುಗ ಬಿರಜು
ಬಿಳಿ ಟೈಲಿನ ಗೋಡೆಗೆ ಮುಖ ಮಾಡಿ ನಿಂತು
ಚೀಲಗಟ್ಟಲೆ ನೀರುಳ್ಳಿ ಸೀಳುತ್ತಿದ್ದ.
ಅವನ ಕಣ್ಣಿನ ಎತ್ತರ ಅಳೆದೆ,
ಸೀಮೆಸುಣ್ಣದಲ್ಲಿ ಗೋಡೆಗೊಂದು ವೃತ್ತ ಬರೆದೆ.

"ಗಿರಾಕಿಗೆ ಅಡುಗೆಮನೆ ಕಾಣಬಾರದು!" ತಿಂಗಳಾಯರ ಗುಡುಗು.
ಇದು ಗಿರಾಕಿಗಲ್ಲ, ಎಂದೆ.
ಆ ಕಿಟಕಿಯ ದುಡ್ಡು ಮಾತ್ರ ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡರು.

ಹೋಟೆಲು ತೆರೆದ ಮಧ್ಯಾಹ್ನ, ಒಂದು ಗಂಟೆ.
ನೆಲಕ್ಕೆ ಕರಿ ಕಡಪ, ಗೋಡೆಗೆ ನಾನು ಜಗಳವಾಡಿ ಉಳಿಸಿದ ಒಂದೇ ಬೂದು,
ದೀಪಗಳು ತಗ್ಗಿನಲ್ಲಿ.
ಆಫೀಸಿನ ಬಿಳಿ ಅಂಗಿಗಳು ಅಲೆಯಲೆಯಾಗಿ ಒಳಬಂದು
ಕುರ್ಚಿಗಳ ಸುತ್ತ ನೊರೆಯೊಡೆದು ಕೂತವು.

ಗಲ್ಲಾ ಬಿಟ್ಟು ಒಳಗೆ ಬಂದ ಪದ್ದು.
ಬಿರಜುವಿನ ಕೈಯಿಂದ ಕತ್ತಿ ತೆಗೆದುಕೊಂಡು
ಒಂದು ನೀರುಳ್ಳಿ ಹೆಚ್ಚಿದ. ಇನ್ನೊಂದು.
ಮೊಣಕೈಯಲ್ಲಿ ಕಣ್ಣೊರೆಸಿ ಗುಂಡು ಗಾಜಿನಾಚೆ ನೋಡಿದ.
ತುಸು ಹೊತ್ತು ನೋಡಿದ.

"ಚಳಿಯೊಂದು ಕಮ್ಮಿ," ಎಂದ.
ಕತ್ತಿ ತೊಳೆದಿಟ್ಟು ಹೊರಗೆ ಹೋದ.