ರಸ್ಕ್

ಮೆಲ್ಬರ್ನಿನ ಅಪ್‌ಫೀಲ್ಡ್ ಲೈನು, ಫಾಕ್ನರ್ ಸ್ಟೇಷನ್ನಿಗೆ ಮುಂಚೆ
ಟೈಲ್ಸ್ ಗೋದಾಮಿನ ಹಿಂಗೋಡೆ.
ಜೂನ್ ತಿಂಗಳ ಕೊರೆಯುವ ಚಳಿಯಲ್ಲಿ ಅಲ್ಲಿ ಮೊದಲ ಸಲ ಸಿಕ್ಕಿತು
ಮೊಣಕಾಲೆತ್ತರದ ನಾಲ್ಕು ಇಂಗ್ಲಿಷ್ ಅಕ್ಷರ,
ನೆಗಡಿಯಾದ ಮಗುವಿನ ಮೂಗಿನ ಹಾಗೆ
ಕೆಳಗೆಲ್ಲ ಸೋರಿದ ಬಣ್ಣ.
ರಸ್ಕ್.
ಚಹಾಕ್ಕೆ ಅದ್ದುವ ರಸ್ಕೇ? ಟಾಸೊಸ್‌ನ ಕೇಳಿದೆ.
ವ್ಯಾನಿನಿಂದ ಇಳಿಯದೆಯೇ ಅವನು
"ಯಾರಿಗೆ ಗೊತ್ತು, ಬಳಿ" ಎಂದ.
ಬಳಿದೆ.

ಕೌನ್ಸಿಲ್ ನಮಗೆ ಕೊಟ್ಟಿರುವುದು ಮೂರು ಬೂದು:
ತಿಳಿಬೂದು, ನಡುಬೂದು, ಮೋಡದ ಬೂದು.
ರಾಣೆಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷ ಬೋರ್ಡ್ ಬರೆದವನು ನಾನು,
ಕಿರಾಣಿ ಅಂಗಡಿ, ಹಲ್ಲಿನ ಡಾಕ್ಟರು, ಲಾರಿಯ ಬೆನ್ನು,
ಚುನಾವಣೆ ಬಂದರೆ ಎರಡೂ ಪಕ್ಷದ ಗೋಡೆ ಒಂದೇ ಕೈಯಲ್ಲಿ.
ಫ್ಲೆಕ್ಸ್ ಬಂತು. ಕುಂಚ ಡಬ್ಬಿಯಲ್ಲೇ ಒಣಗಿ ಕಡ್ಡಿಯಾಯಿತು.
ಹೆಂಡತಿಯ ನರ್ಸ್ ಕೆಲಸದ ಬೆನ್ನು ಹಿಡಿದು ಇಲ್ಲಿಗೆ ಬಂದೆ,
ಬರೆಯುವ ಕೈಗೆ ಅಳಿಸುವ ಕೆಲಸ ಸಿಕ್ಕಿತು.
ದೂರಿಲ್ಲ. ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಬಳ.

ರಸ್ಕ್ ಮತ್ತೆ ಬಂತು.
ಈ ಸಲ ಬ್ರನ್ಸ್‌ವಿಕ್ಕಿನ ದೊಡ್ಡ ಹುಡುಗರ ಬಾಣ, ಕಿರೀಟ, ನಕ್ಷತ್ರ,
ಮದುವೆಗೆ ಪಕ್ಕದ ಮನೆಯ ಒಡವೆ ಹೇರಿಕೊಂಡ ಹಾಗೆ.
ಒಡವೆಯ ಕೆಳಗೆ ಅಕ್ಷರಗಳಿಗೆ ನಿಲ್ಲಲೇ ಬರುತ್ತಿರಲಿಲ್ಲ.
ಉಸ್ತಾದ್ ಖಾದರ್‌ಸಾಬ್ ಆಗಿದ್ದರೆ ಬೈಯುತ್ತಿದ್ದರು:
ನೆರಳು ಆಮೇಲೆ, ಹೂಬಳ್ಳಿ ಆಮೇಲೆ,
ಮೊದಲು ಅಕ್ಷರ ಬರಿಮೈಯಲ್ಲಿ ನಿಲ್ಲಲಿ.
ಮಣಿಕಟ್ಟಿಂದಲ್ಲೋ ಹುಚ್ಚಾ, ಭುಜದಿಂದ ಎಳಿ.

ಹೇಳುವುದು ಯಾರಿಗೆ? ಮುಖ ಕಂಡಿಲ್ಲ,
ಹುಡುಗನೋ ಹುಡುಗಿಯೋ.
ಎಡಗೈ ಎಂಬುದಷ್ಟೇ ಖಾತ್ರಿ, ಅಡ್ಡಗೆರೆಗಳೆಲ್ಲ
ಬಲದಲ್ಲಿ ಹುಟ್ಟಿ ಎಡಕ್ಕೆ ಸಣ್ಣಗಾಗುತ್ತವೆ.

ಒಂದು ಮಂಗಳವಾರ, ಟಾಸೊಸ್ ಬೇಕರಿಗೆ ಹೋದಾಗ,
ರೋಲರ್ ಕೆಳಗಿಟ್ಟು ಎರಡಿಂಚಿನ ಬ್ರಷ್ ತೆಗೆದುಕೊಂಡೆ.
ತಪ್ಪನ್ನಷ್ಟೇ ಬೂದು ಮಾಡಿದೆ.
ಬಾಣ ಹೋಯಿತು, ಕಿರೀಟ ಹೋಯಿತು,
ಎಸ್‌ನ ಹೊಟ್ಟೆ ಒಂದು ಬೆರಳು ಕರಗಿತು.
ಆರ್ ಅಕ್ಷರದ ಕಾಲೊಂದು, ಹಾಲು ಕರೆಯಗೊಡದ ಎಮ್ಮೆಯದು,
ಹೊರಗೆ ಚಾಚಿತ್ತು;
ಅದನ್ನೂ ಸವರಿ ಸಾಲಿನೊಳಗೆ ಕೂರಿಸಿದೆ.
ಆಮೇಲೆ ಎದೆ ಡವಡವ. ಕೆಲಸ ಹೋಗುವಂಥ ಕೆಲಸ.

ಹತ್ತು ದಿನ ಸುದ್ದಿಯಿಲ್ಲ.
ಹನ್ನೊಂದನೆಯ ದಿನ ಅದೇ ಗೋಡೆ, ಬಾಣವಿಲ್ಲ, ಕಿರೀಟವಿಲ್ಲ,
ಒಂದು ಹನಿ ಸೋರಿಲ್ಲ. ಅನುಮಾನಿಸದೆ ಓಡಿದ ಕೈ
ಸೋರುವುದಿಲ್ಲ.
ಎಸ್ ನಾನು ಹೇಳಿಕೊಟ್ಟ ಎಸ್.
ಆರ್‌ನ ಕಾಲು ಮಾತ್ರ ಹೊರಗೆ.
ಸವರಿದೆ. ಮತ್ತೆ ಚಾಚಿತು, ಇನ್ನೊಂದು ಗೇಣು ಉದ್ದ.
ಸವರಿದೆ.
ಮೂರನೆಯ ಸಲ ಆ ಕಾಲು ಯು ಕೆಳಗೆ ನುಸುಳಿ, ಎಸ್ ಕೆಳಗೆ ನುಸುಳಿ
ಕೆ ಅಕ್ಷರದ ಕುಂಡೆಗೊಂದು ಒದೆ ಕೊಟ್ಟಿತ್ತು.
ಕೆ ಮುಗ್ಗರಿಸಿ, ಇನ್ನೇನು ಹಳಿಯ ಮೇಲೆ ಬೀಳಬೇಕು,
ಬೀಳುತ್ತಿರಲಿಲ್ಲ.
ಬ್ರಷ್ ಹಿಡಿದು ನಿಂತೇ ಇದ್ದೆ. ನಗು ಬಂತು.
ಇಷ್ಟು ದಿನ ನಾನು ತಿದ್ದುತ್ತಿದ್ದದ್ದು ಒಬ್ಬರ ನಡಿಗೆಯನ್ನ.

ನನ್ನ 'ಶ್ರೀ'ಯ ಸುಳಿ ಒಂದು ಸುತ್ತು ಹೆಚ್ಚಿಗೆ ತಿರುಗುತ್ತಿತ್ತು,
ಹದಿನಾರರ ವಯಸ್ಸಿನಲ್ಲಿ.
ಅಳತೆಪಟ್ಟಿಯಿಂದ ಬೆರಳಗಂಟಿಗೆ ಬಾರಿಸಿ ಬಾರಿಸಿ
ಆರು ತಿಂಗಳಲ್ಲಿ ಬಿಡಿಸಿದರು ಉಸ್ತಾದರು, ಪ್ರೀತಿಯಿಂದಲೇ.
ಆಮೇಲೆ ಸ್ಟೇಷನ್ ರೋಡಿನಲ್ಲಿ ನಡೆದರೆ
ಯಾವ ಬೋರ್ಡ್ ಅವರದು, ಯಾವುದು ನನ್ನದು,
ನನಗೇ ಗುರುತು ಹತ್ತುತ್ತಿರಲಿಲ್ಲ.

ಈಗಲೂ ಬಳಿಯುತ್ತೇನೆ. ದೊಡ್ಡ ರೋಲರ್, ನಡುಬೂದು, ಪೂರ್ತಿ.
ಕೊನೆಗೆ ಅಂಚು ತಿದ್ದುವಾಗ, ಕೆಳಗಿನ ಬಲಮೂಲೆಯಲ್ಲಿ,
ಮೋಡದ ಬೂದಿನಲ್ಲಿ ಒಂದು ಸುಳಿ.
ಒಂದು ಸುತ್ತು ಹೆಚ್ಚಿಗೆ.
ಬೂದಿನ ಮೇಲೆ ಬೂದು, ಬಿಸಿಲು ಓರೆಯಾದರಷ್ಟೇ ಕಾಣುವುದು.
ಏನದು? ಕೇಳಿದ ಟಾಸೊಸ್.
ಒಣಗಿದೆಯಾ ನೋಡುತ್ತಿದ್ದೆ ಎಂದೆ.

ಕಳೆದ ವಾರ ರಸ್ಕ್ ಬಂದಿತ್ತು,
ಗೋಡೆಯ ಈ ತುದಿಯಿಂದ ಆ ತುದಿವರೆಗೆ, ಆಳೆತ್ತರ,
ನೀಲಿಯೊಳಗೆ ಹುಣಿಸೆಕಂದು.
ಕಾಲು ಓಡಿ ಓಡಿ ಬಲಮೂಲೆಗೆ ಬಂದದ್ದು
ಅಲ್ಲೊಂದು ಮಾರು ದೂರ ತಡೆದು ನಿಂತು, ಬಳಸಿ,
ಮೇಲಕ್ಕೆ ಹೋಗಿತ್ತು.