ಅಂಬೂಬಾಯಿಯ ಅಳತೆ ಪುಸ್ತಕ

ಕಾಟನ್‌ಪೇಟೆಯ ಊದುಬತ್ತಿ ಅಂಗಡಿಯ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿದರೆ ಅಂಬೂಬಾಯಿ ಪಿಸ್ಸೆ.
ಬೋರ್ಡಿಲ್ಲ. ಮಿಷನ್ನಿನ ಸದ್ದೇ ಬೋರ್ಡು.
ನಾನಲ್ಲಿ ಹುಕ್ಕು ಹಾಕುತ್ತಿದ್ದವಳು,
ನೂರಕ್ಕೆ ಎರಡೂವರೆ ರೂಪಾಯಿ.

ಎದೆ, ಸೊಂಟ, ತೋಳು
ಯಾವ ದರ್ಜಿ ಬೇಕಾದರೂ ಅಳೆದಾನು.
ಈಕೆ ಟೇಪನ್ನು ಕೊರಳಲ್ಲೇ ಬಿಟ್ಟು ಕೇಳುವಳು:
"ಕೈ ಎತ್ತು. ಇನ್ನೂ ಮೇಲೆ.
ದಿನಾ ಎಷ್ಟೆತ್ತರದ್ದು ಹಿಡೀತೀಯ?"

ಬಂದವರಿಗೆ ಮೊದಲು ನಗು, ಆಮೇಲೆ ನಾಚಿಕೆ.
ಕೈಯೆತ್ತಿದರೆ ಕಂಕುಳಲ್ಲಿ ಪರ್ರನೆ ಹರಿಯುವುದು
ರವಿಕೆಯದಲ್ಲ, ತಮ್ಮ ಮೈಯದೇ ತಪ್ಪೆಂದು ನಂಬಿ
ಬಸ್ಸಿನ ಮೇಲಿನ ಸರಳು ಮುಟ್ಟದೆ
ಮೆಜೆಸ್ಟಿಕ್ಕಿನಿಂದ ಜಾಲಹಳ್ಳಿಯ ತನಕ
ಅವರಿವರ ಮೇಲೆ ಬೀಳುತ್ತ
ವಾಚ್ ಫ್ಯಾಕ್ಟರಿ ಸೇರಿದವರು.

ಅಂಬೂಬಾಯಿ ಕತ್ತರಿಸಿದ್ದು ಅಂಗೈಗಿಂತ ಚಿಕ್ಕ ಚೌಕ.
ಓರೆಯಾಗಿಟ್ಟರೆ ಇಸ್ಪೀಟಿನ ಡೈಮನ್ನು.
ತೋಳೂ ಒಡಲೂ ಜಗ್ಗಾಡುವ ಜಾಗದಲ್ಲಿ ಕೂರಿಸಿದಳು,
ಜಗಳ ಬಿಡಿಸಲು ಬಂದ ಅತ್ತಿಗೆಯ ಹಾಗೆ.

ಆಮೇಲೆ ಲಂಗದ ಎಡಮಗ್ಗುಲಿಗೆ ಒಳಜೇಬು.
"ಸೆರಗಿನ ಗಂಟಲ್ಲಿ ದುಡ್ಡಿಟ್ಟರೆ
ಊರಿಗೆಲ್ಲ ಡಂಗುರ ಹೊಡೆದ ಹಾಗೆ."

ಬಳೇಪೇಟೆಯ ಅತ್ತೆಯೊಬ್ಬಳು ಏದುಸಿರಲ್ಲಿ ಹತ್ತಿ ಬಂದಳು:
"ಲಂಗಕ್ಕೆ ಜೇಬೇ? ಏನಿಡ್ತಾಳೆ ಅದರಲ್ಲಿ?"
"ಕೈ ಇಡ್ತಾಳೆ, ತಾಯಿ."
ಹದಿನೈದು ದಿನ ಕಳೆದು, ಇನ್ನೂ ಕಸ ಗುಡಿಸಿರಲಿಲ್ಲ,
ಅದೇ ಅತ್ತೆ. ಚೀಲದಲ್ಲಿ ತನ್ನದೇ ಲಂಗ.

ಪತ್ರಿಕೆಯವರೂ ಒಮ್ಮೆ ಬಂದರು, ಕ್ಯಾಮೆರಾ ಹೊತ್ತು.
ಗೊಂಬೆಯ ಮೇಲಿನ ರವಿಕೆ ಸುತ್ತಿ ಸುತ್ತಿ ನೋಡಿ
"ಡಿಸೈನ್ ಎಲ್ಲಿ ಮೇಡಂ, ಕಾಣೋದೇ ಇಲ್ಲ" ಎಂದರು.
ಗೊಂಬೆಗೆ ಕೈಯಿರಲಿಲ್ಲ.
ಅಂಬೂಬಾಯಿ ಚಹಾ ಕೊಟ್ಟು ಕಳಿಸಿದಳು.

ಈಗ ಆ ಮಹಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಅಳತೆ ಪುಸ್ತಕ ನನ್ನ ಬಳಿ ಇದೆ,
ರಟ್ಟಿಗೆ ಇನ್ನೂ ಮಿಷನ್ ಎಣ್ಣೆಯ ವಾಸನೆ:

*ಫಿಲೋಮಿನಾ. ಎದೆ ೩೪. ಟೆಲಿಫೋನ್ ಎಕ್ಸ್‌ಚೇಂಜು,
ಬಲಗೈ ದೂರ ಚಾಚುವವಳು.*
*ಕಮಲಾಕ್ಷಿ ಟೀಚರು. ೩೮. ಎಡಚಿ. ಕರಿಹಲಗೆಯ ಮೇಲ್ತುದಿ.*
*ಮೆಹರುನ್ನೀಸಾ. ೩೨. ಮೂರನೇ ತಿಂಗಳು, ಯಾರಿಗೂ ಹೇಳಿಲ್ಲ.
ಹೊಲಿಗೆ ಒಳಗೆ ಬಟ್ಟೆ ಬಿಡು.*

ಪೆನ್ಸಿಲ್ ಮಾಸಿದ ಒಂದು ಪುಟದ ಕೆಳಗೆ ನನ್ನ ಹೆಸರೂ ಇದೆ.
ಎಂದು ಅಳೆದಳೋ, ನನಗೆ ನೆನಪಿಲ್ಲ;
ಬಗ್ಗಿ ಹುಕ್ಕು ಹಾಕುತ್ತಿದ್ದಾಗ ಕಣ್ಣಲ್ಲೇ ಅಳೆದಿರಬೇಕು:

*ಕೂತು ಮಾಡುವ ಕೆಲಸ. ಕೈ ಎತ್ತುವುದಿಲ್ಲ.
ಆದರೂ ಎರಡಿಂಚು ಬಿಟ್ಟಿದ್ದೇನೆ.*