ಇಪ್ಪತ್ತೋ ಇಪ್ಪತ್ತೆರಡೋ

ಸೆಲ್ಮಾದ ಸೇತುವೆ ದಾಟಿದ್ದಾಯಿತು, ಕಾರಿನಲ್ಲೇ.
ಇಳಿಯಲೊಲ್ಲೆ ಅಂದಳು ಲುವೀನಿಯಾ ಅತ್ತೆ.
ಫಲಕಗಳನ್ನು ನಾನೇ ಓದಿ ಹೇಳಿದೆ;
ಕೇಳಿಸಿಕೊಂಡಳೋ, ಕಿಟಕಿಯಾಚೆ
ಬಿಡಿಸಿ ಮುಗಿದ ಹೊಲದ ಹತ್ತಿಕಡ್ಡಿ ಎಣಿಸಿದಳೋ.

ಲೌಂಡ್ಸ್ ಸೀಮೆಯ ತಿರುವಿನಲ್ಲಿ, "ನಿಲ್ಲಿಸು."
ಅಲ್ಲಿ ಫಲಕವಿಲ್ಲ.
ತುಕ್ಕು ತಿಂದ ಅಂಚೆಡಬ್ಬಿ, ಒಂದು ಪೀಕನ್ ಮರ,
ಮನೆಯಿದ್ದ ಜಾಗದಲ್ಲಿ ಮೂರು ಮೆಟ್ಟಿಲು.

"ಅವತ್ತು ಮಳೆ. ಅವರೆಲ್ಲ ಹೀಗೇ ಹೋದರು,
ಒದ್ದೆಯಲ್ಲೇ ಹಾಡಿಕೊಂಡು.
ರಸ್ತೆಗೆ ಕಾಲಿಟ್ಟರೆ ಒಕ್ಕಲೆಬ್ಬಿಸುತ್ತೇನೆಂದಿದ್ದ ಹೊಲದ ಧಣಿ.
ಅಪ್ಪ ಬಾಗಿಲಿಗಡ್ಡ ಕುರ್ಚಿ ಹಾಕಿ ಕೂತ.
ನಾನು ಬೂಟು ಬಿಗಿದುಕೊಂಡೇ ಇದ್ದೆ,
ಕತ್ತಲಾಗುವ ತನಕ."

ಊರುಗೋಲು ಬೇಡವೆಂದು ನನ್ನ ತೋಳು ಹಿಡಿದಳು.
ಮೆಟ್ಟಿಲಿಂದ ಡಾಂಬರಿನಂಚಿಗೆ
ಇಪ್ಪತ್ತೋ ಇಪ್ಪತ್ತೆರಡೋ ಹೆಜ್ಜೆ.
ದಿಮ್ಮಿ ಹೊತ್ತ ಲಾರಿಯೊಂದು ಅರಚಿಕೊಂಡು ಹೋಯಿತು.
ರಸ್ತೆಗೆ ಒಂದು ಕಾಲಿಟ್ಟು
ನಿಂತಳು. ಆಮೇಲೆ,
"ಲೇಸು ಬಿಚ್ಚಿಕೊಂಡಿದೆ, ಕಟ್ಟು" ಎಂದಳು.